ತೂಬಿನ ಮೆಟ್ಟಿಲು

ತೀರಿಕೊಂಡ ನಮ್ಮ ಯಜಮಾನರ ಶಿವಗಣಾರಾಧನೆಯ ದಿನ ನಮ್ಮ ಹಿರೇಮಗ ಶಂಕರ ಮೈಕಿನ ಮುಂದೆ ನಿಂತು ಮಾತಾಡಿದ. “ನಮ್ಮ ಅಪ್ಪ ತೊಂಬತ್ತೆರಡು ವರ್ಷ ಬದುಕಿದ್ರು. ಒಂದಿನಾನೂ ಯಾರ ಮ್ಯಾಲೂ ಕೈ ಎತ್ತಲಿಲ್ಲ, ದನಿ ಎತ್ತಲಿಲ್ಲ” ಅಂದ. ಪೆಂಡಾಲಿನ ತುಂಬ ಕೂತವರು ಹೌದು ಹೌದು ಎಂದು ತಲೆಯಾಡಿಸಿದರು. ನನಗೆ ನಗು ಬಂತು. ಎಂಥ ಹೊತ್ತಿನಲ್ಲಿ ಬಂತು ನೋಡಿ! ಸೆರಗು ಬಾಯಿಗೆ ಒತ್ತಿಕೊಂಡು ಕೂತೆ, ಮೈಯೆಲ್ಲ ಅಲುಗುತ್ತಿತ್ತು. ಅತ್ತೆ ಅಳುತ್ತಿದ್ದಾರೆಂದು ತಿಳಿದು ಸೊಸೆ ಬಂದು ಬೆನ್ನು ಸವರಿದಳು.

ಅಷ್ಟರಲ್ಲಿ ಮಳೆ ಹಿಡಿಯಿತು. ಬಂದವರ ಕಾಲಿನ ರಾಡಿ ಒಳಗೆ ಬಾರದಿರಲಿ ಎಂದು ಶಿಗ್ಗಾವಿಯ ನಮ್ಮ ಮನೆಯ ಹೊಸ್ತಿಲಿಗೆ ಯಾರೋ ಒಂದು ಗೋಣಿಚೀಲ ಹಾಸಿದರು. ಚೀಲ ನೆನೆಯಿತು. ನೆನೆದ ಗೋಣಿ, ಅದಕ್ಕೆ ಮೆತ್ತಿದ ಮಣ್ಣು, ಎರಡೂ ಕೂಡಿದ ವಾಸನೆ ಮೂಗಿಗೆ ಬಡಿದದ್ದೇ ತಡ, ನಗು ಎಲ್ಲಿ ಹೋಯಿತೋ. ಹಳೆಯ ಒಂದು ಮಳೆಗಾಲ ಕಣ್ಣಮುಂದೆ ಬಂದು ನಿಂತಿತು. ಮೈಕಿನ ಮುಂದೆ ನಿಂತ, ತಲೆ ಬೆಳ್ಳಗಾದ ಈ ಶಂಕರ ಆಗ ನನ್ನ ಹೊಟ್ಟೆಯಲ್ಲಿ ಆರು ತಿಂಗಳಿನವನು. ಅವನ ಅಪ್ಪ ಕೈ ಎತ್ತಿದ ದಿನ ಅವನೂ ಅಲ್ಲೇ ಇದ್ದ.

ಎರಡನೆಯ ದೊಡ್ಡ ಯುದ್ಧ ಶುರುವಾದ ಮರುವರ್ಷದ ಮಳೆಗಾಲ ಅದು. ನಾನು ಸವಣೂರಿನ ಎಲೆ ವ್ಯಾಪಾರಸ್ಥರ ಮಗಳು, ನೀಲವ್ವ. ಬಾಯಿ ಜೋರು ಎಂದು ಬೀಗರಿಗೆ ಮೊದಲೇ ಹೇಳಿಯೇ ಕೊಟ್ಟಿದ್ದರು. ಇವರು ಹಾನಗಲ್ಲ ಕಚೇರಿಯಲ್ಲಿ ಓವರ್‌ಸಿಯರ್. ಜನರ ಬಾಯಲ್ಲಿ ಮಾತ್ರ ಇಂಜಿನೇರ್ ಸಾಹೇಬ್ರು. ಹಿರೇಕೆರೂರು ತಾಲೂಕಿನಲ್ಲಿ, ಮಾಸೂರಿನಿಂದ ಇನ್ನೂ ಮುಂದಕ್ಕೆ ಒಂದು ಕೆರೆಯ ಊರು. ಹೆಸರು ಹೇಳುವುದಿಲ್ಲ. ಆ ಊರಿನವರ ಮೊಮ್ಮಕ್ಕಳು ಈಗಲೂ ಸಂಕ್ರಾಂತಿಗೆ ನನಗೆ ಬೆಲ್ಲ ಕಳಿಸುತ್ತಾರೆ, ಅವರ ಮಾನ ಯಾಕೆ ತೆಗೆಯಲಿ? ಅಲ್ಲಿಯ ಕೆರೆಯ ಒಡ್ಡು ಹಳೆಯದಾಗಿತ್ತು. ಮಳೆ ಹಿಡಿಯುವುದರೊಳಗೆ ಗಟ್ಟಿ ಮಾಡಿ ಬಾ ಎಂದು ಇವರನ್ನು ಕಳಿಸಿದರು. ಇವರ ಜೊತೆ ನಾನೂ ಹೋದೆ.

ಊರಿನ ಗೌಡರು ಒಡ್ಡಿನ ಬುಡದಲ್ಲೇ ನಮಗೊಂದು ಮನೆ ಕೊಟ್ಟರು. ಹಿತ್ತಲಲ್ಲಿ ನಿಂತು ತಲೆ ಎತ್ತಿದರೆ ಒಡ್ಡು, ಒಡ್ಡಿನ ಆಚೆ ನೀರು. ನಮ್ಮ ತಲೆಗಿಂತ ನೀರು ಎತ್ತರದಲ್ಲಿತ್ತು. “ಅಂಜಬ್ಯಾಡ್ರಿ ಅವ್ವಾರ, ನಮ್ಮ ಕೆರಿ ಹೆತ್ತತಾಯಿ ಇದ್ದಂಗ” ಎಂದು ಗೌಡರು ಮೀಸೆಯೊಳಗೇ ನಕ್ಕರು.

ಇವರ ಸ್ವಭಾವ ಏನೆಂದು ಹೇಳಲಿ? ಇರುವೆ ಸಾಲು ಕಂಡರೆ ಸೈಕಲ್ ಇಳಿದು ದಾಟುವ ಮನುಷ್ಯ. ಕೂಲಿಯವರಿಗೂ ರೀ ಹಚ್ಚುವರು. ಒಂದೇ ಹುಚ್ಚು, ಎಲ್ಲವೂ ಮಟ್ಟವಾಗಿರಬೇಕು. ನಾನು ಹೊಸದಾಗಿ ಒಲೆ ಹಾಕಿದರೆ ತಮ್ಮ ರಸಮಟ್ಟ ತಂದು ಅದರ ಮೇಲಿಟ್ಟು, ಗುಳ್ಳೆ ನಡುವೆ ಬರುವ ತನಕ ಕಲ್ಲಿನ ಕೆಳಗೆ ಮಣ್ಣು ಮೆತ್ತುವರು. “ರೊಟ್ಟಿ ಬೇಯಾಕ ರಸಮಟ್ಟ ಯಾಕ ಬೇಕ್ರಿ? ನಮ್ಮವ್ವ ಸೊಟ್ಟ ಒಲಿಮ್ಯಾಲೆ ಸುಟ್ಟಿದ್ದನ್ನ ತಿಂದು ನಾವೆಲ್ಲ ಸೊಟ್ಟ ಬೆಳದೀವೇನು?” ಎಂದರೆ ನಕ್ಕು ಸುಮ್ಮನಾಗುವರು. ಕೆರೆಯಿಂದ ಹೊಲಗಳಿಗೆ ನೀರು ಬಿಡುವ ತೂಬಿನ ಬಾಗಿಲಿಗೆ ತಂದ ಸಾಗವಾನಿಯಲ್ಲಿ ಉಳಿದ ತುಂಡಿಗೆ ಕೈಯಿಂದ ಹಣ ಕಟ್ಟಿ ತಂದು, ಹುಟ್ಟುವ ಕೂಸಿಗೆ ತೊಟ್ಟಿಲು ಮಾಡತೊಡಗಿದ್ದರು.

ಆ ಒಡ್ಡಿನಿಂದ ನಮ್ಮ ಹಿತ್ತಲಿಗೆ ನೀರು ಜಿನುಗುತ್ತಿತ್ತು. ನಾನು ಹೆದರಿದ್ದಕ್ಕೆ ಒಂದು ದಿನ ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದರು. “ನೋಡಿಲ್ಲೆ, ತಿಳಿ ನೀರು ಬರಾಕತ್ತೈತಿ. ಮಣ್ಣಿನ ಒಡ್ಡು ಅಂದ್ರ ಒಂದೀಟು ಬೆವರತೈತಿ, ಅದಕ್ಕ ಅಂಜಬ್ಯಾಡ. ಕೆಂಪು ನೀರು ಬಂತಂದ್ರ ಒಡ್ಡು ಒಳಗಿಂದ ಕರಗಾಕತ್ತೈತಿ ಅಂತ ಅರ್ಥ. ಅವಾಗ ಒಲಿಮ್ಯಾಲೆ ಹಾಲಿದ್ರೂ ಬಿಟ್ಟು ಓಡು” ಅಂದರು.

ಒಡ್ಡಿನ ಎಡತುದಿಯಲ್ಲಿ ಕೋಡಿ ಇತ್ತು. ಕೆರೆ ತುಂಬಿದರೆ ಹೆಚ್ಚಾದ ನೀರು ಹರಿದು ಹೋಗುವ ದಾರಿ. ಗೌಡರು ಹೋದ ಬ್ಯಾಸಗಿಯಲ್ಲಿ ಅದಕ್ಕೆ ಕಲ್ಲು ಮಣ್ಣು ಹಾಕಿ ಎತ್ತರಿಸಿಬಿಟ್ಟಿದ್ದರು. ಕೆರೆಯಲ್ಲಿ ಇನ್ನಷ್ಟು ನೀರು ನಿಲ್ಲಲಿ ಎನ್ನುವುದು ಒಂದು ಆಸೆ. ಇನ್ನೊಂದು, ಕೋಡಿಯ ಕೆಳಗಿನ ಹಳ್ಳದ ದಾರಿಯಲ್ಲೇ ಅವರು ಕಬ್ಬು ಹಚ್ಚಿದ್ದರು. ಕೋಡಿ ಬಿದ್ದರೆ ಕಬ್ಬು ಹೋಯಿತು. ಇವರು ಒಂದು ಸಲವಲ್ಲ, ಹತ್ತು ಸಲ ಮೆತ್ತಗೆ ಹೇಳಿದರು, “ಗೌಡ್ರ, ಕೋಡಿ ಬಿಚ್ಚಬೇಕ್ರಿ. ನೀರಿಗೆ ದಾರಿ ಕೊಡಲಿಲ್ಲಂದ್ರ ಅದು ತನ್ನ ದಾರಿ ತಾನ ಮಾಡ್ಕೊಂತೈತಿ.” ಗೌಡರು, “ಆತು ತಗೀರಿ ಸಾಹೇಬ್ರ, ನೋಡೂಣು” ಎನ್ನುವರು. ಇವರು ಹಾನಗಲ್ಲಿಗೆ ಬರೆದರು. ಅಲ್ಲಿಂದ ಉತ್ತರ ಬರುವುದರೊಳಗೆ ಮಳೆಯೇ ಬಂತು.

ಇವರ ಕೈಕೆಳಗೆ ಹನುಮಂತ ಎಂಬ ಮಣ್ಣುಕೆಲಸದ ಮೇಸ್ತ್ರಿ ಇದ್ದ. ಮಳೆ ಜೋರಾದ ಮೇಲೆ ಅವನು ಕೋಡಿಯ ಎರಡು ಕಲ್ಲು ಕಿತ್ತ. ಗೌಡರ ಆಳುಗಳು ಅವನನ್ನು ಹುಣಸೆಮರಕ್ಕೆ ಕಟ್ಟಿ ಬಾರುಕೋಲಿನಿಂದ ಬಡಿದರು. ಬೆನ್ನು ಸೀಳಿ ಅಂಗಿ ಒಳಗೆ ಅಂಟಿಕೊಂಡಿತ್ತು. ನಾನು ಅರಿಶಿಣ ಎಣ್ಣೆ ಕಾಯಿಸಿ ಹಚ್ಚಿದೆ. ಆ ಗಟ್ಟಿ ಗಂಡಸು ಹಲ್ಲು ಕಚ್ಚಿಕೊಂಡು ಅತ್ತ. ಇವರು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, “ತಪ್ಪು ನಂದು ಹನುಮಂತ, ತಪ್ಪು ನಂದು” ಎಂದು ಅದನ್ನೇ ಹೇಳುತ್ತಿದ್ದರು. ನನಗೆ ಮೈ ಉರಿದುಹೋಯಿತು.

“ಹೋಗಿ ಗೌಡನ ಕೊಳ್ಳಪಟ್ಟಿ ಹಿಡೀರಿ! ನೀವು ಗಂಡಸರೋ, ಬಸವಣ್ಣನ ಕಲ್ಲೋ?” ಎಂದೆ.

“ಸಿಟ್ಟಿನಾಗ ಕೆಲಸ ಕೆಡತಾವ ನೀಲಾ.”

“ಕೆಡ್ಲಿ ಬಿಡ್ರಿ! ಒಂದ್ಸಲರೆ ಸಿಟ್ಟು ಮಾಡ್ಕೋರಿ. ನಾ ಕಣ್ಣಿಂದ ನೋಡ್ತೇನಿ.”

ಆ ರಾತ್ರಿ ದೇವರಲ್ಲಿ ಬೇಡಿಕೊಂಡೆ, ಈ ಮನುಷ್ಯನಿಗೆ ಒಂದೇ ಒಂದು ಸಲ ಸಿಟ್ಟು ಬರಲಿ ಎಂದು. ಬೇಡುವಾಗ ನೋಡಿ ಬೇಡಬೇಕಿತ್ತು.

ಆಮೇಲೆ ಸುರಿದದ್ದನ್ನು ಮಳೆ ಎನ್ನುವುದೇ ತಪ್ಪು. ಆಕಾಶ ಊರನ್ನು ಹಿಡಿದು ಬಡಿಯಿತು. ಮಣ್ಣಿನ ಗೋಡೆಗಳು ಧಡಲ್ ಎಂದು ಕೂರುತ್ತಿದ್ದವು. ಒಂದು ಬಿದ್ದ ಸಪ್ಪಳಕ್ಕೆ ಇನ್ನೊಂದು ಮನೆಯವರು ಚೀರುವರು. ಗುಡಿಯ ಮುಂದಿನ ಬೇವಿನಮರ ಬೇರುಸಮೇತ ಕಿತ್ತು ಅಡ್ಡಬಿತ್ತು, ಕೆಳಗೆ ಕಟ್ಟಿದ್ದ ಎಮ್ಮೆಯ ಬೆನ್ನು ಮುರಿಯಿತು. ಅದು ಸಾಯುವ ತನಕ ಒದರಿದ್ದು ಊರಿಗೆಲ್ಲ ಕೇಳಿತು. ಇವರು ಗೋಣಿಚೀಲಗಳಲ್ಲಿ ಮಣ್ಣು ತುಂಬಿಸಿ ಒಡ್ಡಿನ ಮೇಲೆ ಒಟ್ಟಿಸುತ್ತಿದ್ದರು. ಮನೆಗೆ ಬಂದರೆ ಮೈಯೆಲ್ಲ ಅದೇ ವಾಸನೆ, ನೆನೆದ ಗೋಣಿ ಮತ್ತು ಮಣ್ಣು. ಗಂಜಿ ಕುಡಿದು ಮತ್ತೆ ಹೋಗುವರು. ಅರ್ಧ ಕೆತ್ತಿದ ತೊಟ್ಟಿಲು ಮೂಲೆಯಲ್ಲಿ ಬಿದ್ದಿತ್ತು.

ಒಂದು ಮುಂಜಾನೆ ಪಾತ್ರೆ ತೊಳೆಯಲು ಹಿತ್ತಲಿಗೆ ಹೋದೆ. ಒಡ್ಡಿನ ಬುಡದಿಂದ ಬರುತ್ತಿದ್ದ ನೀರು ಕೆಂಪಗಿತ್ತು.

ಓಡಲಿಲ್ಲ. ಇವರನ್ನು ಕೂಗಿದೆ. ಬಂದು ಅಂಗೈಯಲ್ಲಿ ಆ ನೀರು ಹಿಡಿದು ನೋಡಿದರು. ಮುಖ ಬೂದಿಯಾಯಿತು. “ಇವತ್ತು ಕೋಡಿ ಕಡೀಲಿಲ್ಲಂದ್ರ ನಾಳೆ ಈ ಊರು ಇರೂದಿಲ್ಲ” ಎಂದು ಪಿಸುಗುಟ್ಟಿದರು.

ಅಷ್ಟರಲ್ಲಿ ಪಕ್ಕದ ಮನೆಯ ಗಂಗವ್ವ ಬಂದಳು. ಆಕೆ ಊರಿನ ಸೂಲಗಿತ್ತಿ. ಕೈಯಲ್ಲಿ ಹಸಿರು ಸೀರೆ, ಹಸಿರು ಬಳೆ. ಆ ಊರಲ್ಲಿ ಒಂದು ಪದ್ಧತಿ ಇತ್ತು. ಕೆರೆ ತುಂಬಿದ ವರ್ಷ ಚೊಚ್ಚಲ ಬಸುರಿಯೊಬ್ಬಳಿಗೆ ತೂಬಿನ ಕಟ್ಟೆಯ ಮೇಲೆ ಉಡಿ ತುಂಬುತ್ತಿದ್ದರು. ಆಕೆ ಆ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಕೆಯನ್ನು ನೀರಿಗೆ ಬಿಟ್ಟು ಮನೆಗೆ ಬರಬೇಕು. “ಈ ಸಲ ನಿಮ್ಮನ್ನ ಬಿಟ್ರ ಚೊಚ್ಚಲ ಬಸುರಿ ಯಾರೂ ಇಲ್ರಿ ಅವ್ವಾರ. ಗೌಡ್ರ ಮನಿಯಿಂದ ಸೀರಿ ಬಂದೈತಿ” ಎಂದಳು. ಹತ್ತೊಂಬತ್ತರ ವಯಸ್ಸು, ತವರಿನವರು ಯಾರೂ ಹತ್ತಿರ ಇಲ್ಲ. ಹಸಿರು ಸೀರೆ ಕಂಡು ನನಗೆ ಆ ಕೆಂಪು ನೀರೂ ಒಂದು ಗಳಿಗೆ ಮರೆತುಹೋಯಿತು, ಸುಳ್ಳು ಯಾಕೆ ಹೇಳಲಿ. ಇವರ ಮುಖ ನೋಡಿದೆ. ಏನೋ ಲೆಕ್ಕ ಹಾಕಿದರು. “ಹೋಗಿ ಬಾ. ಒಡ್ಡು ಇವತ್ತೊಂದು ದಿನ ತಡೀತೈತಿ. ಊರವರೆಲ್ಲ ತೂಬಿನ ಕಡೆ ಇರ್ತಾರ, ಅಷ್ಟರಾಗ ನಾನು ಹನುಮಂತ ಕೋಡಿ ಬಿಚ್ತೇವಿ” ಎಂದು ನನ್ನ ಕಿವಿಯಲ್ಲಿ ಹೇಳಿದರು.

ತೂಬಿನ ಕಟ್ಟೆ ಒಡ್ಡಿನ ನಡುಮಧ್ಯೆ ಇತ್ತು. ಒಡ್ಡಿನಿಂದ ಒಂದು ಉದ್ದನೆಯ ಕಲ್ಲುಹಾಸು ನೀರಿನೊಳಕ್ಕೆ ಚಾಚಿ, ಅದರ ತುದಿಗೆ ಕಟ್ಟೆ. ಕಟ್ಟೆಯಿಂದ ನೀರಿಗೆ ಇಳಿಯಲು ಮೆಟ್ಟಿಲು. ಆ ದಿನ ಒಂದೂ ಮೆಟ್ಟಿಲು ಕಾಣುತ್ತಿರಲಿಲ್ಲ. ಅಲೆಗಳು ಕಟ್ಟೆಯನ್ನೇ ಹತ್ತಿ ನನ್ನ ಹಿಮ್ಮಡಿ ತೋಯಿಸುತ್ತಿದ್ದವು. ಹೆಂಗಸರು ಹಾಡಿ, ಅರಿಶಿಣ ಕುಂಕುಮ ಹಚ್ಚಿ, ಉಡಿ ತುಂಬಿದರು. ನಾನು ಎಲ್ಲವನ್ನೂ ನೀರಿಗೆ ಬಿಟ್ಟು ತಿರುಗಿದೆ. ನನ್ನೊಡನೆ ಬಂದ ಹೆಂಗಸರೆಲ್ಲ ಅಷ್ಟರೊಳಗೆ ಹಿಂದೆ ಸರಿದು ಒಡ್ಡು ಸೇರಿದ್ದರು. ಕಲ್ಲುಹಾಸಿನ ಬಾಯಿಗೆ ಗೌಡರ ಇಬ್ಬರು ಆಳುಗಳು ಕೊಡಲಿ ಹಿಡಿದು ನಿಂತಿದ್ದರು.

“ಕುಂದ್ರು ತಂಗಿ” ಎಂದಳು ಗಂಗವ್ವ, ಕೈ ಮುಗಿದು. ಅವಳ ಕಣ್ಣಲ್ಲಿ ನೀರಿತ್ತು. “ನಿನಗ ಯಾರೂ ಏನೂ ಮಾಡೂದಿಲ್ಲ. ಹಿತ್ತಲ ನೀರು ತಿಳಿ ಆಗೂತನಕ ಅಲ್ಲೇ ಕುಂದ್ರು. ಕೆರಿ ಕೇಳಾಕತ್ತಾಳ.”

“ಗಂಗವ್ವಾ, ತಲಿ ಕೆಟ್ಟೈತೇನ? ದಾರಿ ಬಿಡಸು!” ಎಂದು ಚೀರಿದೆ. ಆಳು ಕೊಡಲಿಯ ಕಾವನ್ನು ಅಡ್ಡ ಹಿಡಿದ. ಅವನೂ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ. ಅಷ್ಟು ಜನ ಹೆಂಗಸರು, ನಿನ್ನೆ ತನಕ ನನ್ನ ಮನೆಗೆ ಬಂದು ಉಪ್ಪಿನಕಾಯಿ ಕೇಳಿ ಒಯ್ದವರು, ಎಲ್ಲರೂ ಕೈ ಮುಗಿದುಕೊಂಡು ಮಳೆಯಲ್ಲಿ ನಿಂತಿದ್ದರು. ಒಬ್ಬಳಾದರೂ ಬೈದಿದ್ದರೆ ನನಗೆ ಧೈರ್ಯ ಬರುತ್ತಿತ್ತು. ಆ ಮುಗಿದ ಕೈ ಕಂಡು ಅಲ್ಲೇ ಕೂತುಬಿಟ್ಟೆ. ಒಡ್ಡು ಒಡೆದರೆ ತೂಬಿನ ಬಳಿಯೇ ಮೊದಲು ಒಡೆಯುವುದು, ಅದು ನನಗೆ ಗೊತ್ತಿತ್ತು. ಇವರೇ ಹೇಳಿಕೊಟ್ಟಿದ್ದರು.

ಒಡ್ಡಿನ ಎಡತುದಿಯಲ್ಲಿ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಕೋಡಿ ಕಾಣುತ್ತಿತ್ತು. ಇವರ ಲೆಕ್ಕ ತಲೆಕೆಳಗಾಗಿತ್ತು. ಊರೆಲ್ಲ ತೂಬಿನ ಕಡೆ ಬಂದರೂ ಗೌಡರು ಮಾತ್ರ ನಾಲ್ಕು ಮಂದಿಯೊಂದಿಗೆ ಕೋಡಿಯ ಮೇಲೇ ನಿಂತಿದ್ದರು. ಇವರ ಕೈಯಲ್ಲಿ ಹಾರೆ. ಗೌಡರು ನನಗೂ ಕೇಳಲಿ ಎಂದೇ ಒದರಿದರು, ಗಾಳಿ ಆ ಮಾತನ್ನು ಹೊತ್ತು ತಂದಿತು.

“ಸಾಹೇಬ್ರ, ಅಲ್ಲಿ ನೋಡ್ರಿ, ನಿಮ್ಮ ಮನ್ಯಾಗಿನವ್ರು ಎಲ್ಲಿ ಕುಂತಾರ! ಹಾರಿ ಕೆಳಗ ಇಡ್ರಿ, ಅವರು ಮ್ಯಾಲೆ ಬರ್ತಾರ. ಕೋಡಿಗೆ ಕೈ ಹಚ್ಚಿದ್ರೋ, ಅವರು ಅಲ್ಲೇ!”

ಇವರು ತಿರುಗಿ ನನ್ನನ್ನು ನೋಡಿದರು. ಮಳೆಯ ನಡುವೆ ಮುಖ ಕಾಣಲಿಲ್ಲ, ನಿಂತ ರೀತಿ ಕಂಡಿತು. ನಾನು ಎರಡೂ ಕೈ ಎತ್ತಿದೆ. ಹಾರೆ ಇಡಿರಿ ಎಂದು ಎತ್ತಿದೆನೋ, ಕಡಿಯಿರಿ ಎಂದು ಎತ್ತಿದೆನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಇವರು ನನಗೆ ಬೆನ್ನು ಮಾಡಿದರು. ಹಾರೆ ಮೇಲಕ್ಕೆ ಹೋಯಿತು, ಗೌಡರ ಮೊಣಕಾಲಿನ ಮೇಲೆ ಇಳಿಯಿತು.

ಆ ಮನುಷ್ಯ ಒದರಿದ್ದು ಕೆರೆಯ ಆಚೆ ದಡ ಮುಟ್ಟಿತು. ಇನ್ನೊಬ್ಬ ಕುಡಗೋಲು ಎತ್ತಿ ಬಂದ. ಅವನ ಭುಜಕ್ಕೆ ಹಾರೆ ಬಿತ್ತು, ಕುಡಗೋಲು ಹಾರಿ ನೀರಿಗೆ ಬಿತ್ತು. ಮೂರನೆಯವನನ್ನು ಹನುಮಂತ ಕೆಡವಿ ಎದೆಯ ಮೇಲೆ ಕೂತು ಗುದ್ದಿದ, ಹುಣಸೆಮರದ ಬಾಕಿಯನ್ನೆಲ್ಲ ತೀರಿಸಿಕೊಂಡ. ಇವರ ಬಾಯಿಂದ ಬೈಗುಳ ಬರುತ್ತಿದ್ದವು. ನಾನು ಸವಣೂರಿನ ಸಂತೆಯಲ್ಲೂ ಕೇಳದ ಬೈಗುಳ. ಇರುವೆಗೆ ಸೈಕಲ್ ಇಳಿಯುವ ಮನುಷ್ಯನ ಬಾಯಲ್ಲಿ! ಉಳಿದವರು ಓಡಿದರು. ಇವರು ಕಲ್ಲಿಗೆ ಹಾರೆ ಹಾಕತೊಡಗಿದರು.

ಠಣ್, ಠಣ್, ಠಣ್. ಆಮೇಲೆ ಸದ್ದು ನಿಲ್ಲುವುದು. ಮತ್ತೆ ಠಣ್, ಠಣ್. ಮತ್ತೆ ನಿಲ್ಲುವುದು. ದಣಿದಿದ್ದಾರೆ ಎಂದುಕೊಂಡೆ. ನಿಲ್ಲಬೇಡಿರಿ ಎಂದು ಮನಸ್ಸಿನಲ್ಲೇ ಬೈದೆ. ಆ ಕಡೆ ನೋಡಲಾರದೆ ಮೊಣಕಾಲಿಗೆ ಹಣೆ ಹಚ್ಚಿ, ಹೊಟ್ಟೆ ಅಪ್ಪಿಕೊಂಡು ಕೂತೆ. ಶಂಕರ ಒಳಗೆ ಒದೆಯುತ್ತಿದ್ದ. ನನಗೆ ಬೆನ್ನು ಮಾಡಿದರಲ್ಲ, ಗೌಡ ಬಿಡುತ್ತೇನೆಂದರೂ ಹಾರೆ ಇಡಲಿಲ್ಲವಲ್ಲ, ಅದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಇವರು ಮಾಡುತ್ತಿರುವುದೇ ಸರಿ ಎಂದು ಬುದ್ಧಿಗೆ ತಿಳಿದಿತ್ತು. ಎದೆಗೆ ತಿಳಿಯಬೇಕಲ್ಲ?

ಕೋಡಿ ಕಿತ್ತುಕೊಂಡಿತು. ನೀರು ಗುಡುಗುತ್ತ ಹಳ್ಳಕ್ಕೆ ಬಿದ್ದು ಕಬ್ಬನ್ನು ಹಾಸಿಗೆ ಮಾಡಿ ಮಲಗಿಸಿತು. ದಂಡೆಯ ಮಣ್ಣು ಕುಸಿದು, ಕಾಲು ಮುರಿದು ಅಲ್ಲೇ ಬಿದ್ದಿದ್ದ ಗೌಡರೂ ಆ ನೀರಿಗೆ ಬಿದ್ದರು. ಓಡಿಹೋಗಿದ್ದ ಅವರ ಆಳುಗಳು ದೂರದಿಂದ ನೋಡುತ್ತ ನಿಂತರು. ಇವರು ಹಾರೆ ಬಿಸಾಕಿ ಜಿಗಿದರು. ಇಬ್ಬರೂ ಮುಳುಗಿದರು, ಎದ್ದರು, ಮತ್ತೆ ಮುಳುಗಿದರು. ನಾನು ಎದ್ದುನಿಂತು ಚೀರುತ್ತಿದ್ದೆ. ಕೊನೆಗೆ ಕಬ್ಬಿನ ನಡುವಿನಿಂದ ಇವರು ಗೌಡರನ್ನು ಕೊರಳಪಟ್ಟಿ ಹಿಡಿದೇ ಎಳೆದು ತಂದು ದಂಡೆಗೆ ಹಾಕಿದರು. ಆಮೇಲಾದರೂ ನನ್ನ ಕಡೆ ಬರುತ್ತಾರೆಂದು ಕಾದೆ. ಇಲ್ಲ! ಹಾರೆ ಹುಡುಕಿ ತೆಗೆದುಕೊಂಡು, ನೀರಿನ ಬಾಯಿ ಇನ್ನಷ್ಟು ಅಗಲ ಮಾಡಲು ಮತ್ತೆ ಕೋಡಿಗೆ ಹೋದರು. ಠಣ್, ಠಣ್, ನಿಂತಿತು. ಠಣ್, ಠಣ್, ನಿಂತಿತು.

ನೀರು ಇಳಿಯುತ್ತ ಬಂತು. ಹೊತ್ತು ಮುಳುಗುವ ಮುಂಚೆ ಹಿತ್ತಲ ಕಡೆಯಿಂದ ಯಾರೋ, “ತಿಳಿ ಆತು, ನೀರು ತಿಳಿ ಆತು!” ಎಂದು ಕೂಗಿದರು. ಆಳುಗಳು ಕೊಡಲಿ ಕೆಳಗಿಟ್ಟು ದಾರಿ ಬಿಟ್ಟರು. ಗಂಗವ್ವ ಓಡಿ ಬಂದು ನನ್ನ ಕಾಲಿಗೆ ಬಿದ್ದಳು, “ತಾಯೀ, ಊರು ಉಳಿಸಿದಿ” ಎಂದು. ಅವಳನ್ನು ಎಬ್ಬಿಸಿ ಕಪಾಳಕ್ಕೆ ಬಾರಿಸಿದೆ. ಇನ್ನೊಂದು ಬಾರಿಸಿದೆ. ಅವಳು ಕೆನ್ನೆ ಹಿಡಿದುಕೊಂಡು ಮತ್ತೂ ಕೈ ಮುಗಿದಳು. ಏನು ಮಾಡುತ್ತೀರಿ ಅಂಥವರಿಗೆ!

ಇವರು ಎಲ್ಲರಿಗಿಂತ ಕೊನೆಗೆ ಬಂದರು. ಅಂಗೈ ಚರ್ಮ ಸುಲಿದು ರಕ್ತ ತೊಟ್ಟಿಕ್ಕುತ್ತಿತ್ತು. ನನ್ನನ್ನು ಅಡಿಯಿಂದ ಮುಡಿತನಕ ನೋಡಿ, “ಕಾಲು ನೆನದಾವು. ಮನಿಗೆ ನಡಿ” ಅಂದರು. ಅಷ್ಟೇ.

“ಗೌಡ ಮೊದಲು, ಕೋಡಿ ಮೊದಲು. ನಾ ಕಡೀಗೇನ್ರಿ?” ಎಂದೆ. ಇವರು ಹಾರೆ ಹೆಗಲಿಗೇರಿಸಿ ಮನೆಯ ದಾರಿ ಹಿಡಿದರು.

ಫೌಜದಾರ ವಿಚಾರಣೆಗೆ ಬಂದಾಗ ಗೌಡರು, “ಕೋಡಿಮ್ಯಾಲೆ ಕಾಲು ಜಾರಿತ್ರಿ” ಎಂದು ಹೇಳಿ ಕಳಿಸಿದರು. ಸಾಯುವ ತನಕ ಕುಂಟಿದರು. ಬೆಲ್ಲ ಕಳಿಸುವ ಪದ್ಧತಿ ಹಾಕಿದವರೂ ಅವರೇ. ಕಾರ್ತಿಕದಲ್ಲಿ ನನ್ನ ಹೆರಿಗೆ ಮಾಡಿದವಳು ಅದೇ ಗಂಗವ್ವ. ಬೇರೆ ಸೂಲಗಿತ್ತಿ ಎಲ್ಲಿಂದ ತರುವುದು? ಕೋಡಿ ಕಡಿದವರು ಇವರು, ಆ ಊರಿನ ಹೆಂಗಸರು ಇವತ್ತಿಗೂ ದೀಪ ಹಚ್ಚುವುದು ನಾನು ಕೂತ ಕಟ್ಟೆಗೆ. ಇವರು ಅದಕ್ಕೂ ನಕ್ಕು ಸುಮ್ಮನಾದರು.

ಆಮೇಲೆ ಅರವತ್ತಾರು ವರ್ಷದ ಸಂಸಾರ. ಎಷ್ಟು ಸೇತುವೆ, ಎಷ್ಟು ಕೆರೆ, ಎಷ್ಟು ಊರುಗಳ ನೀರು ಕುಡಿದೆವೋ. ದೊಡ್ಡ ಇಂಜಿನಿಯರರಾಗಿ ನಿವೃತ್ತರಾದರು. ನಾಲ್ಕು ಮಕ್ಕಳಿಗೆ ರವಿವಾರ ಉಗುರು ತೆಗೆದರು, ಆ ಸಾಗವಾನಿ ತೊಟ್ಟಿಲಲ್ಲಿ ಮೊಮ್ಮಕ್ಕಳನ್ನೂ ತೂಗಿದರು, ಮತ್ತೆಂದೂ ಯಾರಿಗೂ ಗದರಲಿಲ್ಲ. ನಾನು ಮಾತ್ರ ಬಿಡಲಿಲ್ಲ. ಸಾರಿಗೆ ಉಪ್ಪು ಕಡಿಮೆ ಎಂದರೂ ಸಾಕು, “ಹೌದ್ರಿ, ನಾ ಯಾವತ್ತಿದ್ರೂ ಕಡೀಗೇ ಅಲ್ಲೇನು” ಎಂದು ಆ ಮಾತಿಗೇ ತಂದು ನಿಲ್ಲಿಸುತ್ತಿದ್ದೆ. ಅವರು ಬಾಯಿ ತೆರೆಯುತ್ತಿರಲಿಲ್ಲ.

ಕೊನೆಯ ವಾರ ಇವರಿಗೆ ಮಕ್ಕಳ ಗುರುತೂ ಹತ್ತಲಿಲ್ಲ. ಮಂಚದಲ್ಲಿ ಮಲಗಿ ಎರಡೂ ಕೈಯಿಂದ ಚಾದರ ಬಿಗಿಯಾಗಿ ಹಿಡಿದು ಎತ್ತುವುದು, ಇಳಿಸುವುದು. ಎತ್ತುವುದು, ಇಳಿಸುವುದು. ನಂತರ ನಿಲ್ಲಿಸಿ, ಕಷ್ಟಪಟ್ಟು ಕತ್ತು ತಿರುಗಿಸಿ ಬಲಗಡೆ ದೂರದಲ್ಲಿ ಏನನ್ನೋ ನೋಡಿ, “ಮೆಟ್ಲು ಕಂಡಾವೇನು?” ಎಂದು ಕೇಳುವುದು. ಮತ್ತೆ ಎತ್ತುವುದು, ಇಳಿಸುವುದು. ಶಂಕರ, “ಇದು ಕೆಳಗಿನ ಮನಿ ಅಪ್ಪಾ, ಇಲ್ಲಿ ಮೆಟ್ಟಿಲ ಇಲ್ಲ” ಎಂದು ಸಮಾಧಾನ ಹೇಳುತ್ತಿದ್ದ.

“ಆಕಿ ಕಾಲಬುಡದ ಮೆಟ್ಲು” ಅಂದರು ಇವರು. “ಒಂದರೆ ಕಂಡೈತೇನು? ಕಂಡ್ರ ಆಕಿ ಉಳಿತಾಳ.”

ಕೈಯಲ್ಲಿದ್ದ ಹಾಲಿನ ಲೋಟ ಕೆಳಗಿಟ್ಟೆ. ಠಣ್ ಠಣ್, ಆಮೇಲೆ ನಿಂತ ಆ ಸದ್ದು. ದಣಿವು ಅಂದುಕೊಂಡಿದ್ದೆನಲ್ಲ, ಹುಚ್ಚು ಮುಂಡೆ ನಾನು! ಪ್ರತಿ ಸಲ ನಿಲ್ಲಿಸಿ ನನ್ನ ಕಾಲಬುಡ ನೋಡುತ್ತಿದ್ದರು. ನೀರು ಎಷ್ಟು ಇಳಿಯಿತು, ಮೆಟ್ಟಿಲು ಕಂಡಿತೋ ಇಲ್ಲವೋ ಎಂದು ನೋಡುತ್ತಿದ್ದರು. ನಾನು ಮೊಣಕಾಲಿಗೆ ಹಣೆ ಹಚ್ಚಿ ಕೂತುಬಿಟ್ಟಿದ್ದೆ. ಅರವತ್ತಾರು ವರ್ಷ ಒಂದು ಮಾತು ಹೇಳಬಾರದಿತ್ತೇ ಈ ಮನುಷ್ಯ?

ಮಂಚದ ಅಂಚಿಗೆ ಕೂತು ಆ ಎರಡೂ ಮುಷ್ಟಿ ಹಿಡಿದುಕೊಂಡೆ. ಅಂಗೈಯ ಹಳೆಯ ಕಲೆಗಳು ಕೈಗೆ ಹತ್ತಿದವು.

“ಕಂಡ್ವುರಿ. ಎಲ್ಲಾ ಮೆಟ್ಲೂ ಕಂಡಾವು. ನಾ ಮ್ಯಾಲೆ ಬಂದೇನಿ, ನೋಡ್ರಿಲ್ಲೆ. ಹಾರಿ ಕೆಳಗ ಇಡ್ರಿ ಇನ್ನ” ಎಂದೆ.

ಇವರು ನನ್ನ ಪಾದಗಳ ಕಡೆ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಬೆರಳುಗಳು ಒಂದೊಂದಾಗಿ ಸಡಿಲಾಗಿ ಚಾದರ ಕೈಬಿಟ್ಟಿತು.